ಸಂಗೀತ ಪಾಠದಲ್ಲಿ ಶಿಸ್ತು ಮತ್ತು ಪ್ರೋತ್ಸಾಹ

ಕಟ್ಟುನಿಟ್ಟು ಎಲ್ಲಿ ಬೇಕು ಎಂಬುದನ್ನು ಶಿಕ್ಷಕರು ಮೊದಲೇ ನಿರ್ಧರಿಸಿಕೊಳ್ಳಬೇಕು. ಶ್ರುತಿ, ಲಯ ಮತ್ತು ಕೂರುವ ಭಂಗಿಯಲ್ಲಿ ರಿಯಾಯಿತಿ ತೋರಬಾರದು, ಏಕೆಂದರೆ ತಪ್ಪಾಗಿ ರೂಢಿಯಾದದ್ದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಆದರೆ ಭಾವದ ವಿಷಯದಲ್ಲಿ ಆರಂಭದಲ್ಲೇ ಬಿಗಿ ಹಿಡಿದರೆ ವಿದ್ಯಾರ್ಥಿಗಳು ಬಾಯಿ ತೆರೆಯಲೂ ಹಿಂಜರಿಯುತ್ತಾರೆ.

ಹಾಡುವಾಗ ಪ್ರತಿ ತಪ್ಪಿಗೂ ತಡೆಯದೆ ಸಾಲಿನ ಕೊನೆಯವರೆಗೆ ಕೇಳಿರಿ. ಬಳಿಕ ಒಂದೇ ದೋಷವನ್ನು ಆರಿಸಿಕೊಂಡು, ‘ಸರಿಯಿಲ್ಲ’ ಎನ್ನುವ ಬದಲು ‘ಮೇಲಿನ ಷಡ್ಜ (ಸ ಸ್ವರ) ತುಸು ಇಳಿದಿದೆ, ಅದಕ್ಕೆ ಮೊದಲು ಉಸಿರು ತೆಗೆದುಕೊಂಡು ಮತ್ತೆ ಹಾಡು’ ಎಂದು ತಿದ್ದಿರಿ. ಕಠಿಣವಾದ ಭಾಗವನ್ನು ಅರ್ಧ ವೇಗಕ್ಕೆ ಇಳಿಸಿ, ಸತತವಾಗಿ 3 ಸಲ ತಪ್ಪಿಲ್ಲದೆ ಬಂದ ಮೇಲಷ್ಟೇ ವೇಗವನ್ನು ಹೆಚ್ಚಿಸಿರಿ. ಇಲ್ಲಿ ಯಾವ ಗೋಗರೆತಕ್ಕೂ ಮಣಿಯಬೇಕಾಗಿಲ್ಲ.

ಹೊಗಳಿಕೆಯೂ ಅಷ್ಟೇ ನಿಖರವಾಗಿರಬೇಕು. ಸುಮ್ಮನೆ ‘ಚೆನ್ನಾಗಿದೆ’ ಎನ್ನುತ್ತಿದ್ದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ (ಮಕ್ಕಳಿಗಂತೂ ಇದು ಬಹುಬೇಗ ತಿಳಿಯುತ್ತದೆ). ‘ಕಳೆದ ವಾರ ಓಡುತ್ತಿದ್ದ ಲಯ ಇಂದು ಸ್ಥಿರವಾಗಿದೆ’ ಎಂದರೆ ಅಭ್ಯಾಸ ಎಲ್ಲಿ ಫಲಿಸಿತೆಂಬುದು ಅವರಿಗೆ ಮನವರಿಕೆಯಾಗುತ್ತದೆ.

ಗದರುವ ಮುನ್ನ, ಪಾಠ ಸರಿಯಾಗಿ ಬಾರದಿರುವುದು ಅಭ್ಯಾಸ ಮಾಡದ್ದರಿಂದಲೋ, ಅಭ್ಯಾಸ ಮಾಡಿದರೂ ಬರುತ್ತಿಲ್ಲವೋ ಎಂದು ವಿಚಾರಿಸಿರಿ. ಮೊದಲನೆಯದಕ್ಕೆ ದೃಢವಾದ ಎಚ್ಚರಿಕೆ ಸಲ್ಲುತ್ತದೆ. ಎರಡನೆಯದರಲ್ಲಿ ಬದಲಾಗಬೇಕಾದದ್ದು ಕಲಿಸುವ ಕ್ರಮ. ಸಹಪಾಠಿಗಳೊಂದಿಗೆ ಹೋಲಿಸಿ ಹಂಗಿಸುವುದು ಎರಡಕ್ಕೂ ಮದ್ದಲ್ಲ.