ಪೈಥಾನ್ 2ರಿಂದ 3ಕ್ಕೆ: ಕ್ಲಾಸ್ ಇನ್‌ಹೆರಿಟೆನ್ಸ್‌ನಲ್ಲಿ ಏನೇನು ತಿದ್ದಬೇಕು

ಮೊದಲು ಮೆಟಾಕ್ಲಾಸ್ (ಕ್ಲಾಸ್‌ಗಳನ್ನೇ ರಚಿಸುವ ಕ್ಲಾಸ್) ಹುಡುಕಿ. ಪೈಥಾನ್ 2ರಲ್ಲಿ ಕ್ಲಾಸ್‌ನ ಒಳಗೆ ಬರೆಯುತ್ತಿದ್ದ, ಆಚೀಚೆ ಎರಡೆರಡು ಅಂಡರ್‌ಸ್ಕೋರ್ ಇರುವ ಮೆಟಾಕ್ಲಾಸ್ ಸಾಲನ್ನು ಪೈಥಾನ್ 3 ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ಎರರ್ ಕೂಡ ಬರುವುದಿಲ್ಲ. ಅದಕ್ಕೇ ಇದು ಎಲ್ಲಕ್ಕಿಂತ ಅಪಾಯಕಾರಿ. ಆ ಸಾಲು ಅಳಿಸಿ, ಕ್ಲಾಸ್ ಹೆಸರಿನ ಮುಂದಿನ ಆವರಣದಲ್ಲಿ ಬೇಸ್ ಕ್ಲಾಸ್‌ಗಳಾದ ಮೇಲೆ ಕಾಮಾ ಹಾಕಿ ‘ಮೆಟಾಕ್ಲಾಸ್=ಹೆಸರು’ ಎಂದು ಕೊಡಿ.

‘ಆಬ್ಜೆಕ್ಟ್’ನಿಂದ ಇನ್‌ಹೆರಿಟ್ ಮಾಡುವುದು ಈಗ ಬೇಕಿಲ್ಲ, ಇದ್ದರೂ ತೊಂದರೆಯಿಲ್ಲ. ಆದರೆ ಹಿಂದೆ ಅದಿಲ್ಲದೆ ಬರೆದ ಕ್ಲಾಸ್‌ಗಳಲ್ಲಿ ವಜ್ರಾಕಾರದ ಇನ್‌ಹೆರಿಟೆನ್ಸ್ (ಒಂದು ಕ್ಲಾಸ್‌ನ ಎರಡು ಬೇಸ್ ಕ್ಲಾಸ್‌ಗಳಿಗೂ ಒಂದೇ ಮೂಲ ಕ್ಲಾಸ್) ಇದ್ದರೆ ಮೆಥಡ್ ಹುಡುಕುವ ಕ್ರಮವೇ ಬದಲಾಗುತ್ತದೆ. ಆ ಕ್ರಮವನ್ನು ತೋರಿಸುವ ‘ಎಂಆರ್‌ಓ()’ ಅನ್ನು ಕ್ಲಾಸ್‌ನ ಮೇಲೆ ಕರೆದು ನೋಡಿ.

ಬೇಸ್ ಕ್ಲಾಸ್‌ನ ಮೆಥಡ್ ಕರೆಯಲು ಬಳಸುವ ‘ಸೂಪರ್’ಗೆ ಈಗ ಕ್ಲಾಸ್ ಹೆಸರು, ‘ಸೆಲ್ಫ್’ ಎರಡೂ ಬೇಡ; ಬರೀ ‘ಸೂಪರ್()’ ಸಾಕು. ಆದರೆ ಕ್ಲಾಸ್‌ನ ಹೊರಗೆ ಬರೆದು ಆಮೇಲೆ ಅದಕ್ಕೆ ಜೋಡಿಸಿದ ಫಂಕ್ಷನ್‌ನಲ್ಲಿ ಇದು ರನ್‌ಟೈಮ್ ಎರರ್ ಕೊಡುತ್ತದೆ. ಅಲ್ಲಿ ಹಳೆಯ ರೂಪವನ್ನೇ ಉಳಿಸಿ.