ಕಪ್ಪೆಚಿಪ್ಪು ನೋಡಿ ಜೇಡಿಮಣ್ಣಿನ ಹಾಳೆ ಮಾಡಿದೆ

ನನ್ನ ಮೊದಲ ಹಾಳೆ ಹಪ್ಪಳದ ಹಾಗೆ ಮುದುರಿಕೊಂಡಿತ್ತು. ಮಧ್ಯದಲ್ಲಿ ಗುಳ್ಳೆ, ಅಂಚಿನಲ್ಲಿ ಬಿರುಕು. ಬೇಗ ಒಣಗಲಿ ಅಂತ 80 ಡಿಗ್ರಿ ಓವನ್‌ನಲ್ಲಿ ಇಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ.

ಎಂಎಸ್ಸಿ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ಕಪ್ಪೆಚಿಪ್ಪಿನ ಒಳಮೈಯನ್ನು, ಆ ಮುತ್ತಿನ ಹೊಳಪಿನ ಪದರವನ್ನು. ಅದರಲ್ಲಿ ಸುಮಾರು ಶೇ 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲಿನಲ್ಲಿರುವುದೂ ಅದೇ ವಸ್ತು. ಆದರೆ ಚಿಪ್ಪನ್ನು ಒಡೆಯೋದು ಎಷ್ಟೋ ಪಟ್ಟು ಕಷ್ಟ. ಯಾಕೆ ಅಂದ್ರೆ, ಅದು ಅರ್ಧ ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಬಿಲ್ಲೆಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿದ ಗೋಡೆ. ನಡುವೆ ತೆಳ್ಳಗೆ ಪ್ರೋಟೀನಿನ ಗಾರೆ. ಬಿರುಕು ನೇರ ಓಡಲು ಆಗೋದಿಲ್ಲ. ಪ್ರತಿ ಬಿಲ್ಲೆಯನ್ನೂ ಸುತ್ತಿ ಬಳಸಿ ಹೋಗಬೇಕು. ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ, ಗಾರೆ ಹಿಗ್ಗುತ್ತದೆ, ಪೆಟ್ಟಿನ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ.

ಅಂಥದೇ ಗೋಡೆ ಕಟ್ಟಲು ಹೊರಟೆ. ನನ್ನ ಇಟ್ಟಿಗೆ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಮಣ್ಣು. ಗಾರೆ ಪಿವಿಎ, ಅಂದ್ರೆ ಪಾಲಿವಿನೈಲ್ ಆಲ್ಕೊಹಾಲ್, ನೀರಲ್ಲಿ ಕರಗುವ ಪಾಲಿಮರ್. ಈ ಮಣ್ಣಿನ ಒಂದು ಚಕ್ಕೆಯ ದಪ್ಪ ಬರೀ ಒಂದು ನ್ಯಾನೊಮೀಟರ್, ಮೈಕ್ರಾನಿನ ಸಾವಿರದಲ್ಲೊಂದು ಪಾಲು. 2007ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ನಿಕೊಲಸ್ ಕೊಟೊವ್ ತಂಡ ಇದೇ ಜೋಡಿಯನ್ನು ಪದರ ಪದರವಾಗಿ ಕಟ್ಟಿತ್ತು. ಗಾಜನ್ನು ಒಮ್ಮೆ ಪಿವಿಎಯಲ್ಲಿ, ಒಮ್ಮೆ ಮಣ್ಣಿನ ನೀರಲ್ಲಿ ಅದ್ದುತ್ತಾ 300 ಸಲ! ದಪ್ಪ ಮಾತ್ರ ಇನ್ನೂ ಮೈಕ್ರಾನ್ ಲೆಕ್ಕದಲ್ಲೇ. ನನಗೆ ಅಷ್ಟು ಸಮಯ ಇರಲಿಲ್ಲ. 2010ರಲ್ಲಿ ಫಿನ್‌ಲೆಂಡ್‌ನಲ್ಲಿ ವಾಲ್ಟರ್ ಮತ್ತು ಇಕ್ಕಲ ಅನ್ನೋ ವಿಜ್ಞಾನಿಗಳು ತೋರಿಸಿದ ದಾರಿ ಹಿಡಿದೆ. ಮೊದಲು ಪ್ರತಿ ಮಣ್ಣಿನ ಚಕ್ಕೆಗೂ ಪಿವಿಎ ಮೆತ್ತಬೇಕು. ಆಮೇಲೆ ಕಾಗದ ಮಾಡುವ ಹಾಗೆ ನೀರು ತೆಗೆದರೆ ಅವು ತಾವೇ ಮಲಗಿಕೊಳ್ಳುತ್ತವೆ.

ಮಣ್ಣನ್ನು ನೀರಲ್ಲಿ ರಾತ್ರಿಯಿಡೀ ತಿರುವಿದೆ. ಮರುದಿನ ಅಲ್ಲಾಡಿಸದೆ ಬಿಟ್ಟು, ತಳದಲ್ಲಿ ಕೂತ ಮರಳು ಬಿಟ್ಟು ಮೇಲಿನದನ್ನು ಮಾತ್ರ ತೆಗೆದುಕೊಂಡೆ. ಪಿವಿಎಯನ್ನು 90 ಡಿಗ್ರಿಯ ನೀರಲ್ಲಿ ಕರಗಿಸಿ ಆರಿಸಿದೆ. ಎರಡನ್ನೂ ಒಮ್ಮೆಲೇ ಸುರಿದಾಗ ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು. ಮುಂದಿನ ಸಲ ಪಿವಿಎಗೆ ಮಣ್ಣಿನ ನೀರನ್ನು ಹನಿಹನಿಯಾಗಿ ಬಿಟ್ಟೆ. ಅದಕ್ಕೇ ಅರ್ಧ ದಿನ ಹಿಡಿಯಿತು.

ಆಮೇಲೆ ನೀರು ತೆಗೆಯೋ ಫಿಲ್ಟರ್ ಕೈಕೊಟ್ಟಿತು. ಮೊದಲ ಪದರಗಳು ಬಿದ್ದ ಕೂಡಲೇ ನೀರಿಗೇ ದಾರಿ ಇಲ್ಲ. ಪಂಪ್ ಎರಡು ದಿನ ಓಡಿದರೂ ಮೇಲೆ ನೀರು ಹಾಗೇ ನಿಂತಿತ್ತು. ಬೇಜಾರಾಯಿತು ನಿಜ. ಆದರೆ ಪದರಗಳು ಒತ್ತೊತ್ತಾಗಿ ಕೂರುತ್ತಿವೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಗುರುತು ಬೇಕಾ? ಕೊನೆಗೆ 9 ಸೆಂಟಿಮೀಟರ್ ಪೆಟ್ರಿ ತಟ್ಟೆಯಲ್ಲಿ ಶೇ 0.5ರ ದ್ರಾವಣ 40 ಎಂಎಲ್ ಹಾಕಿ, ಮುಚ್ಚಳ ಸ್ವಲ್ಪ ಓರೆ ಮಾಡಿ, ಫ್ಯಾನ್ ಗಾಳಿ ತಾಗದ ಮೂಲೆಯಲ್ಲಿಟ್ಟೆ. ಐದನೇ ದಿನ ಅಂಚಿಗೆ ಬ್ಲೇಡ್ ತಾಗಿಸಿದ್ದೇ ತಡ, ಇಡೀ ಹಾಳೆ ಎದ್ದು ಬಂತು. ಸುಮಾರು 16 ಮೈಕ್ರಾನ್ ದಪ್ಪ. ಅರ್ಧ ತೂಕ ಮಣ್ಣೇ ಇದ್ದರೂ ಆಚೆ ಇಟ್ಟ ಪೇಪರಿನ ಅಕ್ಷರ ಓದಬಹುದಿತ್ತು. ಗಾಜಿನ ತಟ್ಟೆ ಮಾತ್ರ ಬೇಡ, ಪಿವಿಎ ಅದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತೆ. ಪ್ಲಾಸ್ಟಿಕ್ಕಿನದೇ ಸರಿ.

ಮುರಿದ ಅಂಚನ್ನು ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿದ ದಿನ ನನಗೆ ಮರೆಯೋದಿಲ್ಲ. ಚಿರೋಟಿ ಮುರಿದ ಹಾಗೆ ಪದರದ ಮೇಲೆ ಪದರ. ಗೈಡ್ ಮೇಡಂ ಪಕ್ಕದಲ್ಲಿದ್ದರು, "ಇನ್ನೊಂದು ಜಾಗ ನೋಡಮ್ಮ" ಅಂದರು. ಅಲ್ಲೂ ಹಾಗೇ ಇತ್ತು. ಓವನ್‌ನಲ್ಲಿ ಒಣಗಿಸಿದ ತುಂಡಿನಲ್ಲಿ ಚಕ್ಕೆಗಳು ದಿಕ್ಕಾಪಾಲಾಗಿ ನಿಂತಿದ್ದವು. ಅದೇ ಮಣ್ಣು, ಅದೇ ಪಿವಿಎ. ಆದರೆ ಎಳೆದು ನೋಡಿದಾಗ ಅದು ತೀರಾ ಬೇಗ ಹರಿಯಿತು.

ಬೆಂಕಿಗೂ ಹಿಡಿದು ನೋಡಿದೆ. ಬರೀ ಪಿವಿಎ ಕರಗಿ ಉರಿಯಿತು. ನನ್ನ ಹಾಳೆ ಕಪ್ಪಾಯಿತು, ಆದರೆ ಆಕಾರ ಬಿಡಲಿಲ್ಲ.

ಸೋತಿದ್ದು ಮಳೆಗಾಲಕ್ಕೆ. ಜುಲೈನಲ್ಲಿ ಹಾಳೆಗಳೆಲ್ಲ ಮೆತ್ತಗಾದವು, ಪಿವಿಎ ತೇವ ಹೀರುತ್ತದಲ್ವಾ. ಬೊರಾಕ್ಸ್, ಅಂದ್ರೆ ಅಕ್ಕಸಾಲಿಗರ ಬಿಳಿಗಾರದ ತೆಳು ನೀರಲ್ಲಿ ಅದ್ದಿದಾಗ ಪಿವಿಎಯ ಎಳೆಗಳು ಒಂದಕ್ಕೊಂದು ಗಂಟು ಬಿದ್ದು ಸ್ವಲ್ಪ ಗಟ್ಟಿಯಾದವು. ಸ್ವಲ್ಪ ಮಾತ್ರ. ಕೆರೆಯ ಚಿಪ್ಪು ವರ್ಷಗಟ್ಟಲೆ ನೀರಲ್ಲೇ ಇದ್ದೂ ಮೆತ್ತಗಾಗೋದಿಲ್ಲ. ಈಗ ನನ್ನ ಬೆಂಚಿನ ಮೇಲೆ ಬೇರೆ ಗಾರೆಯ ನಾಲ್ಕು ತಟ್ಟೆಗಳಿವೆ. ಮೂರನೇ ದಿನ ನಡೀತಿದೆ.