ಹಳೆಯ ಕಂಪ್ಯೂಟರಿನಲ್ಲಿ ಕೆಟ್ಟು ನಿಂತ ಆ್ಯಪ್ ಬಿಲ್ಡ್: ನಾನು ಸರಿಪಡಿಸಿದ ಬಗೆ

ಉಬುಂಟು 18.04 ಹಾಕಿರುವ, 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ನಾನು ಒಂದು ಆಂಡ್ರಾಯ್ಡ್ ಆ್ಯಪ್ ನೋಡಿಕೊಳ್ಳುತ್ತೇನೆ. ಹಳೆಯ ಪರಿಕರಗಳಲ್ಲಿ ಅದು ತಕರಾರಿಲ್ಲದೆ ಬಿಲ್ಡ್ ಆಗುತ್ತಿತ್ತು, ಅಂದರೆ ಕೋಡಿನಿಂದ ಫೋನಿಗೆ ಹಾಕುವ ಆ್ಯಪ್ ತಯಾರಾಗುತ್ತಿತ್ತು. ಹಾಗೇ ಇದ್ದುಬಿಡೋಣ ಎಂದರೆ ಪ್ಲೇ ಸ್ಟೋರ್ ಬಿಡುವುದಿಲ್ಲ. 2024ರ ಆಗಸ್ಟ್ 31ರಿಂದ ಆ್ಯಪ್‌ನ ಹೊಸ ಆವೃತ್ತಿ ಏರಿಸಲು ಟಾರ್ಗೆಟ್ ಎಸ್‌ಡಿಕೆ (ಆ್ಯಪ್ ಗುರಿಯಿಡುವ ಆಂಡ್ರಾಯ್ಡ್ ಮಟ್ಟ) 34 ಇರಬೇಕಾಯಿತು. 34ಕ್ಕೆ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.1.1 ಬೇಕು, ಆ ಪ್ಲಗಿನ್‌ಗೆ ಗ್ರೇಡಲ್ 8.0 ಬೇಕು, ಜೊತೆಗೆ ಜೆಡಿಕೆ 17 ಬೇಕು. ಗ್ರೇಡಲ್ ಎಂದರೆ ಬಿಲ್ಡ್ ನಡೆಸುವ ಪ್ರೋಗ್ರಾಂ, ಪ್ಲಗಿನ್ ಅದಕ್ಕೆ ಆಂಡ್ರಾಯ್ಡ್ ಕೆಲಸ ಕಲಿಸುವ ಸೇರ್ಪಡೆ, ಜೆಡಿಕೆ ಜಾವಾದ ಪರಿಕರಗಳ ಕಟ್ಟು. ನನ್ನಲ್ಲಿದ್ದದ್ದು ಪ್ಲಗಿನ್ 4.2 ಮತ್ತು ಗ್ರೇಡಲ್ 6.7.1.

ಯಾವುದನ್ನೂ ಮುಟ್ಟುವ ಮೊದಲು ಈ ಯಂತ್ರ ಎಲ್ಲಿಯವರೆಗೆ ಏರಬಲ್ಲದು ಎಂದು ನೋಡಿಕೊಂಡೆ. ಹಳೆಯ ಲಿನಕ್ಸ್‌ನಲ್ಲಿ ಅದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಜಿಲಿಬ್‌ಸಿ, ಅಂದರೆ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಸಿ ಲೈಬ್ರರಿ. ಉಬುಂಟು 18.04ರಲ್ಲಿ ಅದು 2.27. ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋದ ಈಚಿನ ಆವೃತ್ತಿಗಳಿಗೆ 2.31 ಬೇಕೆಂದು ಅದರ ದಾಖಲೆಯಲ್ಲೇ ಇದೆ. ಆದರೆ ಬಿಲ್ಡ್ ಮಾಡುವುದು ಸ್ಟುಡಿಯೋ ಅಲ್ಲ, ಗ್ರೇಡಲ್. ಗ್ರೇಡಲ್ ಜಾವಾ ಪ್ರೋಗ್ರಾಂ. ಜೆಡಿಕೆ 17 ಈ ಯಂತ್ರದಲ್ಲಿ ಸಲೀಸಾಗಿ ಓಡುತ್ತದೆ. ಹಾಗಾಗಿ ಬಿಲ್ಡ್ ಪೂರ್ತಿ ಟರ್ಮಿನಲ್‌ನಿಂದಲೇ ಆಗಲಿ, ಕೋಡ್ ಬರೆಯಲು ಸಾಧಾರಣ ಎಡಿಟರ್ ಸಾಕು ಎಂದು ನಿರ್ಧರಿಸಿದೆ. ಹಳೆಯ ಸ್ಟುಡಿಯೋ ತನಗಿಂತ ಹೊಸ ಪ್ಲಗಿನ್ ಇರುವ ಪ್ರಾಜೆಕ್ಟನ್ನು ಸಿಂಕ್ ಮಾಡುವುದೇ ಇಲ್ಲವಾದ್ದರಿಂದ ಬೇರೆ ದಾರಿಯೂ ಇರಲಿಲ್ಲ.

ಜೆಡಿಕೆ 17 ಹಾಕಿ ಹಳೆಯ ಪ್ರಾಜೆಕ್ಟನ್ನು ಓಡಿಸಿದರೆ ಎದುರಾಗುವುದು ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 61’. ಈ ಸಂಖ್ಯೆಯನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ಅಂದರೆ ಇಲ್ಲಿ ಜಾವಾ ಹೊಸದು, ಅದರ ಮೇಲೆ ಓಡುತ್ತಿರುವ ಗ್ರೇಡಲ್ ಹಳೆಯದು. ಗ್ರೇಡಲ್ ಜಾವಾ 17ರ ಮೇಲೆ ಓಡಲು ಶುರುವಾದದ್ದೇ 7.3ರಿಂದ. ಇದರ ತಿರುವುಮುರುವಾದ ದೋಷವೂ ಇದೆ: ಪ್ಲಗಿನ್ 8 ಹಾಕಿ ಜಾವಾ 11ರಲ್ಲಿ ಓಡಿಸಿದರೆ ‘ಜಾವಾ 17 ಬೇಕು, ನೀವು ಬಳಸುತ್ತಿರುವುದು 11’ ಎಂದು ನೇರವಾಗಿ ಹೇಳುತ್ತದೆ. ಮೊದಲನೆಯದಕ್ಕೆ ಗ್ರೇಡಲ್ ಏರಿಸಬೇಕು, ಎರಡನೆಯದಕ್ಕೆ ಜಾವಾ ಏರಿಸಬೇಕು. ಎರಡಕ್ಕೂ ಒಂದೇ ಮದ್ದು ಎಂದು ಕ್ಯಾಶ್ (ಇಳಿಸಿಕೊಂಡ ಕಡತಗಳ ಸಂಗ್ರಹ) ಅಳಿಸುತ್ತಾ ಕೂರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆವೃತ್ತಿಗಳು ಹೊಂದದಿದ್ದಾಗ ಕ್ಯಾಶ್ ಅಳಿಸಿ ಪ್ರಯೋಜನವಿಲ್ಲ. ನಿಧಾನದ ಸಂಪರ್ಕದಲ್ಲಿ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುವ ಶಿಕ್ಷೆ ಮಾತ್ರ ಉಳಿಯುತ್ತದೆ.

ನೇರವಾಗಿ 8.1.1ಕ್ಕೆ ಹಾರಲಿಲ್ಲ. ಪ್ಲಗಿನ್ 7.4, ಗ್ರೇಡಲ್ 7.5 ಎಂಬ ಜೋಡಿ ಜೆಡಿಕೆ 11ರಲ್ಲೂ ಓಡುತ್ತದೆ, 17ರಲ್ಲೂ ಓಡುತ್ತದೆ. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಇಲ್ಲ. ಮೊದಲು ಜೆಡಿಕೆ 11ರಲ್ಲೇ ಈ ಜೋಡಿಗೆ ಬಂದೆ, ಆಮೇಲೆ ಬೇರೇನನ್ನೂ ಮುಟ್ಟದೆ ಜಾವಾವನ್ನು 17 ಮಾಡಿದೆ, ಕೊನೆಗೆ ಪ್ಲಗಿನ್ ಮತ್ತು ಗ್ರೇಡಲ್ ಏರಿಸಿದೆ. ಪ್ರತಿ ಹೆಜ್ಜೆಯಲ್ಲೂ ಬಿಲ್ಡ್ ಯಶಸ್ವಿಯಾದ ಮೇಲೆಯೇ ಕಮಿಟ್, ಅಂದರೆ ಬದಲಾವಣೆಯನ್ನು ದಾಖಲಿಸುವುದು. ಹೀಗೆ ಮಾಡಿದಾಗ, ಬಂದ ದೋಷ ಯಾವ ಬದಲಾವಣೆಯದ್ದು ಎಂಬ ಬಗ್ಗೆ ಅನುಮಾನವೇ ಇರುವುದಿಲ್ಲ.

ಗ್ರೇಡಲ್ 7ಕ್ಕೆ ಬಂದಾಗ, ಬಳಸುವ ಲೈಬ್ರರಿಗಳನ್ನು ಪಟ್ಟಿ ಮಾಡುವಲ್ಲಿ ‘ಕಂಪೈಲ್’ ಎಂದಿದ್ದ ಸಾಲುಗಳೆಲ್ಲ ಬಿದ್ದವು. ಅವನ್ನು ‘ಇಂಪ್ಲಿಮೆಂಟೇಶನ್’ ಮಾಡಿದರಾಯಿತು. ಟಾರ್ಗೆಟ್ 31 ಮುಟ್ಟುತ್ತಿದ್ದಂತೆ, ಆ್ಯಪ್‌ನ ವಿವರ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ ಇಂಟೆಂಟ್ ಫಿಲ್ಟರ್ (ಯಾವ ಕೋರಿಕೆಗೆ ಓಗೊಡಬೇಕೆಂಬ ಸೂಚನೆ) ಇರುವ ಪ್ರತಿ ಆ್ಯಕ್ಟಿವಿಟಿಗೂ (ಪರದೆಗೂ) ‘ಎಕ್ಸ್‌ಪೋರ್ಟೆಡ್’ ಬೇಕು ಎಂಬ ದೋಷ ಬಂತು. ನನ್ನ ಮ್ಯಾನಿಫೆಸ್ಟ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಸಮಸ್ಯೆ ಇದ್ದದ್ದು ಒಂದು ಹಳೆಯ ಲೈಬ್ರರಿಯೊಳಗಿನ ಆ್ಯಕ್ಟಿವಿಟಿಯಲ್ಲಿ. ಅದರ ಪೂರ್ಣ ಹೆಸರನ್ನು ನನ್ನ ಮ್ಯಾನಿಫೆಸ್ಟ್‌ನಲ್ಲೇ ಮತ್ತೊಮ್ಮೆ ಬರೆದು, ಹೊರಗಿನಿಂದ ಅದನ್ನು ತೆರೆಯುವ ಅಗತ್ಯವಿಲ್ಲದ್ದರಿಂದ ಎಕ್ಸ್‌ಪೋರ್ಟೆಡ್ ಮೌಲ್ಯವನ್ನು ‘ಫಾಲ್ಸ್’ ಎಂದು ಕೊಟ್ಟೆ. ಲೈಬ್ರರಿಯ ಮ್ಯಾನಿಫೆಸ್ಟ್ ನನ್ನದರಲ್ಲಿ ವಿಲೀನವಾಗುವಾಗ ಎರಡೂ ಸೇರಿಕೊಂಡು ದೋಷ ಹೋಯಿತು.

ಜಾವಾ 17ಕ್ಕೆ ಬದಲಿಸಿದಾಗ ಬಂದದ್ದು ಓದಿದರೇ ಗಾಬರಿಯಾಗುವಂಥ ಉದ್ದನೆಯ ಸಾಲು. ಜಾವಾ ಬೇಸ್ ಮಾಡ್ಯೂಲ್ ತನ್ನ ಒಳಭಾಗವನ್ನು ತೆರೆದು ತೋರಿಸುತ್ತಿಲ್ಲ ಎಂಬುದು ಅದರ ಸಾರ. ಜಾವಾ ತನ್ನ ಒಳಗಿನ ಕ್ಲಾಸ್‌ಗಳಿಗೆ ಬಿಗಿಯಾಗಿ ಬಾಗಿಲು ಹಾಕಿದ್ದು 16, 17ರಲ್ಲಿ. ಅದಕ್ಕೂ ಮೊದಲು ಬರೆದ ಅನೋಟೇಶನ್ ಪ್ರೊಸೆಸರ್‌ಗಳು (ಬಿಲ್ಡ್ ಸಮಯದಲ್ಲಿ ಕೋಡ್ ಹುಟ್ಟಿಸುವ ಪರಿಕರಗಳು) ಅಲ್ಲಿಗೆ ಕೈ ಹಾಕುತ್ತವೆ. ‘ಆ್ಯಡ್ ಓಪನ್ಸ್’ ಎಂಬ ಆಯ್ಕೆಯಿಂದ ತಾತ್ಕಾಲಿಕವಾಗಿ ದಾಟಬಹುದು. ನಾನು ಅದನ್ನು ಹಾಕಿ ಬಿಲ್ಡ್ ಆಗುವುದನ್ನು ನೋಡಿಕೊಂಡೆ, ಬಳಿಕ ಕಾಟ್ಲಿನ್ (ಆ್ಯಪ್ ಬರೆಯುವ ಇನ್ನೊಂದು ಭಾಷೆ) ಮತ್ತು ಪ್ರೊಸೆಸರ್‌ಗಳನ್ನು ಏರಿಸಿ ಆ ಸಾಲನ್ನು ತೆಗೆದುಹಾಕಿದೆ. ಕಾಟ್ಲಿನ್ 17ಕ್ಕೆ, ಜಾವಾ ಕೋಡ್ 1.8ಕ್ಕೆ ಗುರಿಯಿಟ್ಟಿವೆ ಎಂಬ ಜೆವಿಎಂ (ಜಾವಾ ಓಡಿಸುವ ಎಂಜಿನ್) ಟಾರ್ಗೆಟ್ ತಕರಾರು ಬಂದರೆ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಸಾಕು.

ಪ್ಲಗಿನ್ 8ರ ಬದಲಾವಣೆಗಳು ಗೊತ್ತಿದ್ದರೆ ಸುಲಭ. ಪ್ಯಾಕೇಜ್ ಹೆಸರನ್ನು ಮ್ಯಾನಿಫೆಸ್ಟ್‌ನಿಂದ ತೆಗೆದು, ಪ್ರತಿ ಮಾಡ್ಯೂಲ್‌ನ ಬಿಲ್ಡ್ ಕಡತದಲ್ಲಿ ‘ನೇಮ್‌ಸ್ಪೇಸ್’ ಆಗಿ ಬರೆಯಬೇಕು. ‘ಬಿಲ್ಡ್‌ಕಾನ್ಫಿಗ್’ ಕ್ಲಾಸ್ ಈಗ ತಾನಾಗಿ ಹುಟ್ಟುವುದಿಲ್ಲ. ಬೇಕಿದ್ದರೆ ಬಿಲ್ಡ್ ಫೀಚರ್ಸ್ ಅಡಿಯಲ್ಲಿ ಕೇಳಿ ಪಡೆಯಬೇಕು.

ನಿಜವಾದ ಗೋಡೆ ಎದುರಾದದ್ದು ಜಾವಾಸ್ಕ್ರಿಪ್ಟನ್ನು ಕಂಪ್ಯೂಟರಿನಲ್ಲಿ ಓಡಿಸುವ ನೋಡ್ ಕಡೆಯಿಂದ. ಆ್ಯಪ್‌ನ ಕೆಲವು ಪರದೆಗಳ ಜಾವಾಸ್ಕ್ರಿಪ್ಟ್ ಕಟ್ಟನ್ನು ವೆಬ್‌ಪ್ಯಾಕ್ ತಯಾರಿಸುತ್ತದೆ. ನೋಡ್ 18 ಹಾಕಿದೊಡನೆ ‘ಜಿಲಿಬ್‌ಸಿ 2.28 ನಾಟ್ ಫೌಂಡ್’. ಇದನ್ನು ಕಂಡು ಹೊಸ ಜಿಲಿಬ್‌ಸಿಯನ್ನು ತಂದು ಹಳೆಯದರ ಮೇಲೆ ಕೂರಿಸಲು ದಯವಿಟ್ಟು ಹೋಗಬೇಡಿ. ವ್ಯವಸ್ಥೆಯ ಹೆಚ್ಚುಕಡಿಮೆ ಪ್ರತಿಯೊಂದು ಪ್ರೋಗ್ರಾಂ ನಿಂತಿರುವುದು ಆ ಒಂದು ಲೈಬ್ರರಿಯ ಮೇಲೆ; ಅದು ಕೆಟ್ಟರೆ ಕಡತಗಳ ಪಟ್ಟಿ ನೋಡುವ ಆದೇಶ ಕೂಡ ಓಡುವುದಿಲ್ಲ. ನಾನು ಕಂಟೇನರ್ ಹಿಡಿದೆ, ಅಂದರೆ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಒಳಗೇ ಇಟ್ಟುಕೊಂಡ ಪ್ರತ್ಯೇಕ ಆವರಣ. ಕಂಟೇನರ್ ತನ್ನದೇ ಜಿಲಿಬ್‌ಸಿ ತರುತ್ತದೆ, ಕರ್ನಲ್ (ಲಿನಕ್ಸ್‌ನ ತಿರುಳು) ಮಾತ್ರ ಹಳೆಯದು. ಇಲ್ಲೊಂದು ಸೂಕ್ಷ್ಮ ಇದೆ: ಜಿಲಿಬ್‌ಸಿ 2.34ರಿಂದ ಮುಂದಕ್ಕೆ ಥ್ರೆಡ್ ಹುಟ್ಟಿಸಲು ಬಳಸುವ ‘ಕ್ಲೋನ್3’ ಕರೆಯನ್ನು 20.10.10ಕ್ಕಿಂತ ಹಳೆಯ ಡಾಕರ್ (ಕಂಟೇನರ್ ಓಡಿಸುವ ತಂತ್ರಾಂಶ) ತಡೆದುಬಿಡುತ್ತದೆ. ಆದ್ದರಿಂದ ಜಿಲಿಬ್‌ಸಿ 2.31 ಇರುವ ಡೆಬಿಯನ್ 11 ಆಧಾರಿತ ಇಮೇಜನ್ನೇ (ಕಂಟೇನರ್‌ನ ಅಚ್ಚು) ಆರಿಸಿಕೊಂಡೆ.

ನೋಡ್ ಓಡಿತು, ವೆಬ್‌ಪ್ಯಾಕ್ ನಿಂತಿತು. ‘ಡಿಜಿಟಲ್ ಎನ್ವೆಲಪ್ ರೂಟೀನ್ಸ್, ಅನ್‌ಸಪೋರ್ಟೆಡ್’ ಎಂಬ ದೋಷ. ನೋಡ್ 17ರಿಂದ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) 3 ಬಂದಿದೆ. ವೆಬ್‌ಪ್ಯಾಕ್ 4 ನೆಚ್ಚಿಕೊಂಡಿದ್ದ ಎಂಡಿ4 ಹ್ಯಾಶ್ ಅದರಲ್ಲಿ ಸಹಜವಾಗಿ ಸಿಗುವುದಿಲ್ಲ. ‘ಲೆಗಸಿ ಪ್ರೊವೈಡರ್’ ಆಯ್ಕೆ ಕೊಟ್ಟು ತೇಪೆ ಹಚ್ಚಬಹುದಿತ್ತು. ಅದು ನನಗೆ ಒಗ್ಗಲಿಲ್ಲ. ವೆಬ್‌ಪ್ಯಾಕ್ 5ಕ್ಕೆ ಏರಿಸಿದೆ.

ಇದೆಲ್ಲ ಆದ ಮೇಲೂ ಬಿಲ್ಡ್ ಆಗಾಗ ನಡುವೆಯೇ ಸಾಯುತ್ತಿತ್ತು: ‘ಗ್ರೇಡಲ್ ಡೀಮನ್ ಡಿಸಪಿಯರ್ಡ್’. ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುವ ಗ್ರೇಡಲ್ ಪ್ರಕ್ರಿಯೆ. ಕರ್ನಲ್ ದಾಖಲೆ ತೆರೆದರೆ ಕಾರಣ ಅಲ್ಲೇ ಇತ್ತು. ಮೆಮೊರಿ ಮುಗಿದು ಕರ್ನಲ್ಲೇ ಜಾವಾ ಪ್ರಕ್ರಿಯೆಯನ್ನು ಕೊಂದಿತ್ತು. ಗ್ರೇಡಲ್‌ನ ಗರಿಷ್ಠ ಹೀಪ್ (ಜಾವಾ ಬಳಸುವ ಮೆಮೊರಿ) ಅನ್ನು 2 ಜಿಬಿಗೆ ಕಟ್ಟಿಹಾಕಿ, ಏಕಕಾಲದ ವರ್ಕರ್‌ಗಳನ್ನು ಎರಡಕ್ಕೆ ಇಳಿಸಿದೆ. ಮತ್ತೊಂದು ಪ್ರಾಜೆಕ್ಟಿಗೆಂದು ತೆರೆದಿದ್ದ ಸ್ಟುಡಿಯೋ ಒಂದು ಜೆಡಿಕೆಯಲ್ಲಿ, ಟರ್ಮಿನಲ್ ಇನ್ನೊಂದರಲ್ಲಿ ಗ್ರೇಡಲ್ ಓಡಿಸಿದರೆ ಎರಡು ಡೀಮನ್‌ಗಳು ಒಟ್ಟಿಗೆ ಮೆಮೊರಿ ಹಿಡಿದು ಕೂರುತ್ತವೆ ಎಂಬುದನ್ನೂ ಗಮನಿಸಬೇಕು. ಬಿಲ್ಡ್ ನಿಧಾನವಾಯಿತು, ಆದರೆ ನಡುವೆ ಸಾಯುವುದು ನಿಂತಿತು.

ಕೊನೆಗೆ ಕೋಡನ್ನು ಬೇರೊಂದು ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ, ಗ್ರೇಡಲ್‌ಗೆ ಖಾಲಿ ಕ್ಯಾಶ್ ಕೊಟ್ಟು ಬಿಲ್ಡ್ ಮಾಡಿದೆ. ಆಗ ಒಂದು ಲೈಬ್ರರಿ ಸಿಗಲಿಲ್ಲ. ಅದು ಜೆಸೆಂಟರ್ ಎಂಬ ಲೈಬ್ರರಿ ಭಂಡಾರದಲ್ಲಿ ಮಾತ್ರ ಇದ್ದದ್ದು. ಇಷ್ಟು ಕಾಲ ನನ್ನ ಹಳೆಯ ಕ್ಯಾಶ್‌ನಿಂದ ಬರುತ್ತಿತ್ತು. 2024ರ ಆಗಸ್ಟ್‌ನಿಂದ ಜೆಸೆಂಟರ್ ಕೋರಿಕೆಗಳೆಲ್ಲ ಮೇವನ್ ಸೆಂಟ್ರಲ್ ಎಂಬ ಇನ್ನೊಂದು ಭಂಡಾರಕ್ಕೆ ಹೋಗುತ್ತವೆ, ಅಲ್ಲಿ ಇಲ್ಲದ್ದು ಆ ದಾರಿಯಲ್ಲಿ ಸಿಗುವುದಿಲ್ಲ. ಬದಲಿ ಲೈಬ್ರರಿ ಹಾಕಿಕೊಂಡೆ.

ಬಿಲ್ಡ್ ಯಶಸ್ವಿ ಎಂದು ಬಂದಮೇಲೂ ರಿಲೀಸ್ ಆವೃತ್ತಿಯನ್ನು ಫೋನಿಗೆ ಹಾಕಿ ನೋಡಲೇಬೇಕು. ಪ್ಲಗಿನ್ 8.0ರಿಂದ, ಕೋಡನ್ನು ಕುಗ್ಗಿಸುವ ಪರಿಕರವಾದ ಆರ್8ನ ‘ಫುಲ್ ಮೋಡ್’ ತಾನಾಗಿ ಚಾಲೂ ಇರುತ್ತದೆ, ಕೋಡನ್ನು ಮೊದಲಿಗಿಂತ ಕಟುವಾಗಿ ಕತ್ತರಿಸುತ್ತದೆ. ನನ್ನ ಆ್ಯಪ್ ಡೀಬಗ್‌ನಲ್ಲಿ ಸರಿಯಾಗಿ ಓಡಿ, ರಿಲೀಸ್‌ನಲ್ಲಿ ಜೆಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ರೂಪ) ಓದುವ ಜಾಗದಲ್ಲಿ ಕುಸಿಯಿತು. ಜೆಸನ್ ಓದುವ ಲೈಬ್ರರಿಯಾದ ಜಿಸನ್ ತುಂಬುವ ಕ್ಲಾಸ್‌ಗಳಿಗೆ ಕೀಪ್ ನಿಯಮ (ಕತ್ತರಿಸಬೇಡ ಎಂಬ ಸೂಚನೆ) ಬರೆದ ಮೇಲೆ ಆ ಕುಸಿತ ನಿಂತಿತು.